ಬ್ರಷ್ಷಿನ ಬದಲು ಕುರ್ಚಿ

ಮಾನ್ಯ ಮನೆಮಾಲೀಕರಿಗೆ,

ಭಾನುವಾರ ಆಳು ಕಳಿಸಿ ಹಿತ್ತಿಲ ಪಾಚಿಯನ್ನೆಲ್ಲ ಉಜ್ಜಿಸಿ ತೆಗೆಸುವುದಾಗಿ ಹೇಳಿಕಳಿಸಿದ್ದೀರಿ. ಮೂವತ್ತು ವರ್ಷ ರಂಗದ ಮೇಲೆ ರಾಜನಾಗಿ ಗುಡುಗಿದವನು ಈಗ ತಲೆಬಾಗಿ ಬೇಡುತ್ತಿದ್ದೇನೆ, ಆ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಯಾರಾದರೂ ಜಾರಿ ಬಿದ್ದಾರೆಂಬ ಭಯ ಬೇಡ. ಮೆಟ್ಟಿಲ ಮೇಲಿದ್ದ ಪಾಚಿಯನ್ನು ಗಾರೆಯವರ ಕರಣೆಯಿಂದ ಬಿಲ್ಲೆ ಬಿಲ್ಲೆಯಾಗಿ ಎಬ್ಬಿಸಿ, ನೆರಳಿನ ಗೋಡೆಯ ಬುಡದಲ್ಲಿ ಒತ್ತಿ ಕೂರಿಸಿದ್ದೇನೆ. ಮೂರು ತಿಂಗಳು ದಿನಕ್ಕೆರಡು ಬಾರಿ ನೀರು ಚಿಮುಕಿಸಿದ್ದಕ್ಕೆ ಅಲ್ಲೀಗ ಹಸಿರು ಮಖಮಲ್ಲೇ ಹಾಸಿದೆ, ಸ್ವಾಮಿ. ಯಾವ ರಾಜನ ಆಸ್ಥಾನದಲ್ಲೂ ನಾನು ಇಂಥದ್ದರ ಮೇಲೆ ಕಾಲಿಟ್ಟವನಲ್ಲ.

ನಿನ್ನೆ ತನಿಖೆಗೆಂದು ನಿಮ್ಮ ತಾಯಿಯವರನ್ನು ಕಳಿಸಿದ್ದಿರಿ. ಅವರು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಚಪ್ಪಲಿ ಬಿಟ್ಟು ಒಂದು ಕಾಲಿಟ್ಟರು, ಆಮೇಲೆ ಇನ್ನೊಂದು.

"ಅಲ್ಲಯ್ಯಾ ಮಹಾರಾಜ, ಇಷ್ಟು ದಿನ ಒಬ್ನೇ ಇದರ ಮೇಲೆ ಓಡಾಡ್ಕೊಂಡಿದ್ಯಲ್ಲ, ನಂಗೊಂದು ಮಾತು ಹೇಳೋದಲ್ವಾ?" ಎಂದು ಗದರಿದರು.

ಸಂಜೆಯವರೆಗೂ ಕೂತಿದ್ದು ಬರಿಗಾಲಲ್ಲೇ ಮನೆಗೆ ಹೊರಟುಬಿಟ್ಟರು. ಆದ್ದರಿಂದ ಆಳು ಬರುವಾಗ ಬ್ರಷ್ಷಿನ ಬದಲು ಒಂದು ಕುರ್ಚಿ ತರಲಿ, ಹೋಗುವಾಗ ಅವರ ಚಪ್ಪಲಿ ಒಯ್ಯಲಿ. ಇನ್ನು ದಿನಾ ಬರುತ್ತಾರಂತೆ. ನನ್ನ ಬಳಿ ಇರುವ ಕುರ್ಚಿ ಒಂದೇ, ಅದನ್ನು ಅವರು ಆಗಲೇ ತಮ್ಮದು ಮಾಡಿಕೊಂಡಿದ್ದಾರೆ.

ಇಂತಿ,
ಸಿಂಹಾಸನ ಕಳೆದುಕೊಂಡ ಸಂತೋಷದಲ್ಲಿರುವ
ನಿಮ್ಮ ಬಾಡಿಗೆದಾರ