ಗೋಡೆಗೆ ಅಂಟಿಸಬಾರದ ಹಾಳೆ

ಹದಿನಾಲ್ಕನೇ ತಾರೀಖು, ಮಂಗಳವಾರ

ನನ್ನ ಚೂಟಿ ಮೊಮ್ಮಗಳಿಗೆ,

ಅಜ್ಜಿಯ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ಅಂದರೆ ಮಂಡಿ ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿದೆ. ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ತಡವಾದದ್ದಕ್ಕೆ ಕಣ್ಣಿನ ಮೇಲೆ ತಪ್ಪು ಹೊರಿಸೋಣವೆಂದರೆ ಡಾಕ್ಟರು ಹೊಸ ಕನ್ನಡಕ ಕೊಟ್ಟು ಆ ನೆಪವನ್ನೂ ಕಿತ್ತುಕೊಂಡರು. ಮೂರು ಸಲ ಬರೆದು ಮೂರು ಸಲ ಹರಿದೆ. ನಿನ್ನ ಅತ್ತೆ ಬಾಗಿಲಲ್ಲಿ ನಿಂತು, "ಯಾರಿಗತ್ತೆ ಇಷ್ಟುದ್ದ? ಆಸ್ತಿ ಬರೀತಿದ್ದೀರಾ?" ಅಂದಳು. "ಹೌದಮ್ಮ, ಈ ಮಂಡಿನೋವು ನಿನ್ನ ಹೆಸರಿಗೇ ಬರೆದೆ" ಅಂದೆ. ಆಮೇಲೆ ಈ ಕಡೆ ತಲೆಹಾಕಿಲ್ಲ.

ಕಾಲೇಜಿಗೆ ಹೊರಟ ಮಕ್ಕಳಿಗೆ ಮನೆಯ ಹಿರಿಯರಿಂದ ಬುದ್ಧಿಮಾತು ಬರೆಸಿಕೊಂಡು ಬನ್ನಿ, ಕ್ಲಾಸಿನ ಗೋಡೆಗೆ ಅಂಟಿಸೋಣ ಎಂದಿದ್ದಾರಲ್ಲ ನಿಮ್ಮ ಮೇಡಂ, ಈ ಮೊದಲನೇ ಹಾಳೆ ಅವರಿಗೆ. ಉಳಿದದ್ದು ನಿನಗೆ.

ಹಾಸ್ಟೆಲಿನಲ್ಲಿ ಬಕೆಟ್ಟನ್ನೂ ಚಪ್ಪಲಿಯನ್ನೂ ಯಾರಿಗೂ ಕೊಡಬೇಡಿ. ಕೊಟ್ಟರೆ ವಾಪಸು ಬರುವುದು ಹಿಡಿಯೊಂದೇ. ಜೊತೆಯಲ್ಲಿರುವವಳು ಗೊರಕೆ ಹೊಡೆದರೆ ಮೊದಲನೇ ವಾರವೇ ಹೇಳಿಬಿಡಿ. ಆರು ತಿಂಗಳು ಹಲ್ಲು ಕಚ್ಚಿಕೊಂಡು ಆಮೇಲೆ ಹೇಳಿದರೆ ಅದು ಜಗಳ. ಅಳು ಬಂದರೆ ಅಳಿ, ಆದರೆ ಊಟ ಮಾಡಿಕೊಂಡು ಅಳಿ. ಬರಿ ಹೊಟ್ಟೆಯಲ್ಲಿ ಅತ್ತರೆ ತಲೆನೋವು ಬರುತ್ತದೆಯೇ ಹೊರತು ಸಮಾಧಾನ ಬರುವುದಿಲ್ಲ. ಮೇಷ್ಟರು ಹೇಳಿದ್ದು ತಿಳಿಯದಿದ್ದರೆ ತಲೆಯಾಡಿಸಬೇಡಿ. ಅಲ್ಲಿ ತಲೆಯಾಡಿಸುವ ನಲವತ್ತು ಮಂದಿಯಲ್ಲಿ ಮೂವತ್ತೈದು ಮಂದಿಗೂ ತಿಳಿದಿರುವುದಿಲ್ಲ, ಒಬ್ಬರು ಕೈಯೆತ್ತಲಿ ಎಂದು ಕಾಯುತ್ತಿರುತ್ತಾರೆ. ನಿಮ್ಮ ಹೆಸರಿಗೆ ಬಂದ ಕಾಗದ ನಿಮ್ಮ ಕೈಗೇ ಬರುವ ಹಾಗೆ ನೋಡಿಕೊಳ್ಳಿ. ಮನೆಗೆ ಫೋನು ಮಾಡಿದಾಗ ಸುಳ್ಳು ಹೇಳಬೇಡಿ. ಹೇಳಲೇಬೇಕೆಂದರೆ ಸಣ್ಣದು ಹೇಳಿ.

ಸಾಕು, ಇಷ್ಟನ್ನು ಗೋಡೆ ಹೊರಬಲ್ಲದು.

ಇನ್ನು ನಿನ್ನ ವಿಷಯ. ಕಾಗದದ ಕೊನೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದೀಯ: ಸೀಟು ಸಿಕ್ಕಿದೆ, ಇಪ್ಪತ್ತನೇ ತಾರೀಖು ಸೋಮವಾರದೊಳಗೆ ಹೋಗಿ ಸಹಿ ಮಾಡಬೇಕು, ಆದರೆ ಮಾಡುವುದಿಲ್ಲ. ಅಮ್ಮ ಹೋಗಿ ಇನ್ನೂ ವರ್ಷ ತುಂಬಿಲ್ಲ, ಅಪ್ಪನಿಗೂ ತಮ್ಮ ಗುಂಡನಿಗೂ ಯಾರಿದ್ದಾರೆ ಎಂದು ಕೇಳಿದ್ದೀಯ. ಅದಕ್ಕೇ ನಿಮ್ಮಪ್ಪನಿಗೆ ಫೋನು ಹಚ್ಚಿದೆ. ಗಡಿಯಾರದ ಅಂಗಡಿಯಲ್ಲಿದ್ದರು, ಹಿಂದೆ ಟಿಕ್ ಟಿಕ್ ಕೇಳುತ್ತಿತ್ತು.

"ಅಳಿಯಂದಿರೇ, ಅಡುಗೆ ಮಾಡೋಕೆ ಬರುತ್ತಾ?" ಅಂದೆ.

"ಬರುತ್ತೆ ಅತ್ತೆ."

"ಗುಂಡನಿಗೆ ಪಾಠ ಹೇಳಿಕೊಡೋಕೆ?"

"ಐದನೇ ಕ್ಲಾಸಿಂದು ತಾನೇ, ಹೇಳಿಕೊಡ್ತೀನಿ."

"ಹಾಗಾದ್ರೆ ಹುಡುಗಿ ಯಾಕೆ ಸೀಟು ಬಿಡ್ತಾ ಇದೆ?"

ಯಾವುದೋ ಗಡಿಯಾರದ ಮುಚ್ಚಳ ಹಾಕಿದ ಸದ್ದು ಕೇಳಿತು. ಆಮೇಲೆ, "ಹೋಗಮ್ಮ ಅಂದ್ರೆ, ನನ್ನ ಓಡಿಸ್ತಿದ್ದೀಯಾ ಅಪ್ಪಾ ಅಂತಾಳೆ ಅತ್ತೆ. ಆ ಮಾತು ಕೇಳಿದ ಮೇಲೆ ನನಗೆ ಬಾಯಿ ಬರಲ್ಲ" ಅಂದರು. ನೋಡು, ಎರಡು ಹೊತ್ತು ಅಡುಗೆ ಮಾಡಬಲ್ಲ ಗಂಡಸಿಗಾಗಿ ನೀನು ಕಾಲೇಜು ಬಿಡುತ್ತಿದ್ದೀಯ.

ಆದರೆ ಅಪ್ಪ, ತಮ್ಮ ಎಲ್ಲ ಮೇಲಿನ ಮಾತು. ನಿನ್ನ ಮನಸ್ಸಿನಲ್ಲಿ ಕೂತಿರುವುದು ಬೇರೆ, ಅದನ್ನೂ ಬರೆದಿದ್ದೀಯ. "ಅಮ್ಮನಿಗೂ ಸೀಟು ಕೈತಪ್ಪಿತಲ್ಲ ಅಜ್ಜಿ, ಹಣೇಲಿ ಇರಲಿಲ್ಲ. ಅವಳು ಒಂದು ದಿನಾನೂ ಕೊರಗಲಿಲ್ಲ. ನಮ್ಮಮ್ಮನಿಗೆ ಅಕ್ಷರ ಕಲಿಸಿದೆನಲ್ಲ, ಅದೇ ನನ್ನ ಕಾಲೇಜು ಅಂತಿದ್ದಳು. ನಾನೂ ಅವಳ ಹಾಗೇ ಇರ್ತೀನಿ." ಹನ್ನೊಂದು ದಿನದಿಂದ ಈ ಸಾಲುಗಳನ್ನೇ ಓದುತ್ತಿದ್ದೇನೆ.

ನಿಮ್ಮಮ್ಮ ನಿನಗೆ ಹೇಳಿದ ಕಥೆ ಹೀಗಿದೆ. ನಾನು ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಹಾಳೆ ಮಡಿಸುತ್ತಿದ್ದೆ. ಪ್ರಶ್ನೆ ಹೊರಗೆ ಹೋಗಬಾರದೆಂದು ಅಲ್ಲಿ ಮಡಿಸುವ ಕೆಲಸಕ್ಕೆ ಓದು ಬಾರದ ಹೆಂಗಸರನ್ನೇ ಇಟ್ಟುಕೊಳ್ಳುತ್ತಿದ್ದರು. ಸೇರಿಸಿಕೊಳ್ಳುವ ಮೊದಲು ಯಜಮಾನರು ಒಂದು ಪರೀಕ್ಷೆ ಮಾಡುತ್ತಿದ್ದರು. 'ನಿನ್ನ ಮನೆಗೆ ಬೆಂಕಿ ಬಿದ್ದಿದೆ' ಎಂದು ದಪ್ಪಕ್ಷರದಲ್ಲಿ ಬರೆದ ಹಾಳೆಯನ್ನು ಕೈಗೆ ಕೊಟ್ಟು ಮುಖ ನೋಡುವುದು. ನಾನು ಹಾಳೆಯನ್ನು ತಲೆಕೆಳಗಾಗಿ ಹಿಡಿದು, "ಕಾಗದ ದಪ್ಪಗಿದೆ ಸ್ವಾಮಿ, ಮಡಿಸಿದರೆ ಬಿರಿಯುತ್ತೆ" ಅಂದೆನಂತೆ, ಅವರು ನಕ್ಕು ಕೆಲಸ ಕೊಟ್ಟರಂತೆ. ಮುಂದೆ ಹಾಳೆ ಮಡಿಸುವುದಿಲ್ಲದ ತಿಂಗಳಲ್ಲಿ ನಾನು ಮನೆಯಲ್ಲೇ ರಿಜಿಸ್ಟರುಗಳಿಗೆ ರಟ್ಟು ಕಟ್ಟುತ್ತಿದ್ದೆ. ಪುಸ್ತಕದ ಬೆನ್ನು ಗಟ್ಟಿಯಾಗಲೆಂದು ರದ್ದಿ ಕಾಗದ ಅಂಟಿಸುತ್ತಿದ್ದೆ. ನಿಮ್ಮಮ್ಮನ ಕಾಲೇಜಿನ ಕಾಗದವನ್ನು ಅಂಚೆಯವನು ನನ್ನ ಕೈಗೆ ಕೊಟ್ಟ. ಓದು ಬಾರದ ನಾನು ಅದನ್ನೂ ರದ್ದಿಯೆಂದುಕೊಂಡು ಒಂದು ರಿಜಿಸ್ಟರಿನ ಬೆನ್ನಿಗೆ ಅಂಟಿಸಿಬಿಟ್ಟೆ. ತಿಂಗಳಾದ ಮೇಲೆ ಅಂಚೆಯವನು, "ಯಾವಾಗ ಹೊರಟೆ ತಾಯಿ ಕಾಲೇಜಿಗೆ? ಕಾಗದ ಅಮ್ಮನ ಕೈಗೇ ಕೊಟ್ಟಿದ್ನಲ್ಲ" ಎಂದು ಕೇಳಿದ. ಅವಳು ಕಾಲೇಜಿಗೆ ಓಡಿದಳು. ಬರಲಿಲ್ಲವೆಂದು ಸೀಟನ್ನು ಬೇರೆಯವರಿಗೆ ಕೊಟ್ಟಾಗಿತ್ತು. ನನ್ನನ್ನು ಬೈಯಲಿಲ್ಲ. ಮರುದಿನ ಸ್ಲೇಟು ತಂದು, "ನಿನಗೆ ಓದು ಬಂದಿದ್ರೆ ಹೀಗಾಗ್ತಿತ್ತಾ? ಕೂತ್ಕೋ" ಅಂದಳು. ಪ್ರೆಸ್ಸಿನವರಿಗೆ ಗೊತ್ತಾಗಬಾರದೆಂದು ಬಾಗಿಲು ಹಾಕಿಕೊಂಡು ನಾಲ್ಕು ತಿಂಗಳು ಕಲಿಸಿದಳು.

ಇದನ್ನೇ ಹಣೆಬರಹ ಎಂದು ನೀನು ಇಟ್ಟುಕೊಂಡಿದ್ದೀಯ.

ಇರಲಿ. ಗುಂಡನಿಗೆ ಎರಡು ಮುತ್ತು. ನಿಮ್ಮಪ್ಪ ಸಣ್ಣಗಾಗಿದ್ದಾರಂತೆ, ಹೊತ್ತಿಗೆ ಸರಿಯಾಗಿ ತಿನ್ನಲು ಹೇಳು. ನೀನು ನೂರು ವರ್ಷ ಬಾಳು, ಓದು, ಯಾರಿಗೂ ಹೆದರಬೇಡ, ನನಗಂತೂ ಹೆದರಲೇಬೇಡ.

ಇಂತಿ ನಿನ್ನ
ಅಜ್ಜಿ

ಮರೆತಿದ್ದ ಮಾತು:

ಮರೆತಿದ್ದ ಎಂದು ಬರೆದದ್ದೂ ಸುಳ್ಳೇ. ಇದನ್ನು ಬರೆಯಲಾರದೆ ಮೂರು ಸಲ ಹರಿದದ್ದು.

ನಾನು ಚಿಕ್ಕಂದಿನಲ್ಲಿ ಮೂರನೇ ಕ್ಲಾಸಿನ ತನಕ ಓದಿದ್ದೆ ಮಗಳೇ. ಯಜಮಾನರು ಕೊಟ್ಟ ಹಾಳೆ ಓದಿದೆ. ಮನೆಗೆ ಬೆಂಕಿ ಬಿದ್ದಿದೆ ಎಂದು ಓದಿದಾಗ ಮನೆಯಲ್ಲಿ ನಿಮ್ಮಮ್ಮ ತೊಟ್ಟಿಲಲ್ಲಿದ್ದಳು. ಮುಖ ಅಲ್ಲಾಡಲಿಲ್ಲ. ಕೆಲಸ ಬೇಕಿತ್ತು. ಅವತ್ತಿನಿಂದ ಪ್ರೆಸ್ಸಿಗೂ ಬೀದಿಗೂ, ಕೊನೆಗೆ ಹೆತ್ತ ಮಕ್ಕಳಿಗೂ ನಾನು ಓದು ಬಾರದವಳಾದೆ. ಮಕ್ಕಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಅವರಿಗೂ ಹೇಳಲಿಲ್ಲ. ಆಮೇಲೆ ಹೇಳುವ ದಿನ ದಾಟಿಹೋಯಿತು.

ಕಾಲೇಜಿನ ಕಾಗದ ಬರುವ ಹಿಂದಿನ ವಾರ ನಿಮ್ಮಮ್ಮನ ಗೆಳತಿಯರು ಮನೆಗೆ ಬಂದಿದ್ದರು. ನಾನು ಒಳಗೆ ರಟ್ಟು ಕತ್ತರಿಸುತ್ತಿದ್ದೆ. "ಸೀಟು ಸಿಕ್ಕಿದ್ರೆ ನಿಮ್ಮಮ್ಮನ್ನ ಕಾಲೇಜಿಗೆ ಕರ್ಕೊಂಡು ಬರ್ತೀಯೇನೇ?" ಎಂದು ಒಬ್ಬಳು ಕೇಳಿದಳು. "ಅಯ್ಯೋ, ಅವಳಾ? ಹುಡುಗರ ಹಾಸ್ಟೆಲ್ ಬೋರ್ಡ್ ಕೆಳಗೆ ನಿಂತು ನನ್ನ ಹೆಸರು ಹಿಡಿದು ಕೂಗ್ತಾಳೆ ಅಷ್ಟೆ" ಎಂದು ಇವಳು ನಕ್ಕಳು. ಹದಿನೇಳರ ಹುಡುಗಿಯ ನಗು, ಅದರಲ್ಲಿ ವಿಷವಿರಲಿಲ್ಲ. ನನಗೆ ಮಾತ್ರ ಚುಚ್ಚಿತು.

ಕಾಗದ ಬಂದಾಗ ಬಿಡಿಸಿ ಓದಿದೆ. ಬೆರಳಿಟ್ಟು, ಒಂದೊಂದೇ ಅಕ್ಷರ. ಆಯ್ಕೆಯಾಗಿದ್ದೀರಿ ಎಂದಿತ್ತು. ಹತ್ತು ದಿನದೊಳಗೆ ಬನ್ನಿ ಎಂದಿತ್ತು. ಅವಳ ಹೆಸರು ಅಚ್ಚಿನಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಗೊತ್ತಾ? ಓದಿದ ಮೇಲೆ ಅದಕ್ಕೆ ಅಂಟು ಬಳಿದು ರಿಜಿಸ್ಟರಿನ ಬೆನ್ನಿಗೆ ಹಾಕಿದೆ. ಒಂದು ದಿನ ಒದ್ದಾಡಲಿ, ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನ ರಿಜಿಸ್ಟರು ಕೈಬಿಟ್ಟುಹೋದರೂ ಮಾತು ನನ್ನ ಬಾಯಲ್ಲೇ ಇತ್ತು, ಹೇಳಬಹುದಿತ್ತು. ಹೇಳಿದರೆ ಓದು ಬರುತ್ತದೆಂದು ಗೊತ್ತಾಗುತ್ತದೆ, ಕೆಲಸ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಅವಳು ಹೋದರೆ ಮತ್ತೆ ನನ್ನವಳಾಗಿ ಬರುವುದಿಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಅಂಚೆ ಬಂತಾ ಅಮ್ಮಾ?" ಎಂದು ಕೇಳುತ್ತಿದ್ದಳು. ಇಲ್ಲ ಅಂದೆ. ಹತ್ತು ದಿನ, ಹತ್ತು ಸಲ.

ಆಮೇಲೆ ಸ್ಲೇಟು ಬಂತು. ಬರುವ ಅಕ್ಷರವನ್ನು ಬಾರದ ಹಾಗೆ ಬರೆಯುವುದು ಎಷ್ಟು ಕಷ್ಟ ಎಂದು ನಿನಗೆ ತಿಳಿಯದು. ಬೇಕೆಂದೇ ತಪ್ಪು ಮಾಡುತ್ತಿದ್ದೆ. ಅವಳು ನನ್ನ ಕೈಮೇಲೆ ಕೈಯಿಟ್ಟು ತಿದ್ದಿಸುತ್ತಿದ್ದಳು. ಒತ್ತಕ್ಷರ ಸರಿಯಾದರೆ ಚಪ್ಪಾಳೆ ತಟ್ಟುತ್ತಿದ್ದಳು. ಅದೇ ನನ್ನ ಕಾಲೇಜು ಎಂದು ನಿನಗೆ ಹೇಳಿದಳಲ್ಲ, ಆ ಕಾಲೇಜಿನಲ್ಲಿ ಪಾಠವೇ ನಡೆಯಲಿಲ್ಲ ಮಗಳೇ.

ಆಸ್ಪತ್ರೆಯಲ್ಲಿ ಕೊನೆಯ ವಾರ, "ಪೇಪರ್ ಓದಮ್ಮಾ" ಅಂದಳು. ಆಗಲಾದರೂ ಸರಾಗವಾಗಿ ಓದಬಹುದಿತ್ತು. ಬಾಯಿ ತೆರೆದರೆ ಅದೇ ತಡವರಿಕೆ ಬಂತು. ಒಂದು ಉದ್ದನೆಯ ಪದ ದಾಟಿಸಿದಾಗ ನನ್ನ ಬೆರಳು ಹಿಡಿದು, "ನೋಡು, ಎಷ್ಟು ಚೆನ್ನಾಗಿ ಓದ್ತೀಯ. ನನ್ನ ಶಿಷ್ಯೆ" ಅಂದಳು. ಆಗ ಹೇಳಿದ್ದರೆ ಅವಳ ಕೈಯಲ್ಲಿ ಏನು ಉಳಿಯುತ್ತಿತ್ತು ಎಂದು ಸುಮ್ಮನಾದೆ. ಸರಿಯೋ ತಪ್ಪೋ ಗೊತ್ತಿಲ್ಲ. ಇಂಥದ್ದನ್ನು ಯಾರ ಹತ್ತಿರ ಕೇಳುವುದು?

ಅವಳು ಕೊರಗಲಿಲ್ಲ ಎಂದು ಬರೆದಿದ್ದೀಯ. ನಿನ್ನೆದುರು ಕೊರಗಲಿಲ್ಲ. ಆ ವರ್ಷ ಕಾಲೇಜಿನ ಹುಡುಗಿಯರು ರಜೆಗೆ ಬಂದಾಗಲೆಲ್ಲ ಬೇಕೆಂದೇ ಹಿಂದಿನ ಬೀದಿಯಲ್ಲಿ ಸುತ್ತಿಕೊಂಡು ಮನೆಗೆ ಬರುತ್ತಿದ್ದಳು. ನಾನು ನೋಡಿದ್ದೇನೆ.

ಇದನ್ನು ಓದಿ ನೀನು ಮತ್ತೆ ನನ್ನ ಮುಖ ನೋಡದಿದ್ದರೆ ಆಶ್ಚರ್ಯವಿಲ್ಲ. ಉತ್ತರ ಬರೆಯದಿದ್ದರೂ ಸರಿ. ಅಪ್ಪನಿಗೆ ಹೇಳುತ್ತೀಯೋ ಬಿಡುತ್ತೀಯೋ, ನಿನಗೆ ಬಿಟ್ಟದ್ದು. ಆದರೆ ಅದನ್ನು ಹಣೆಬರಹ ಅನ್ನಬೇಡ. ಅವಳ ಹಾಗೇ ಇರುತ್ತೇನೆ ಎಂದು ಹೊರಟಿದ್ದೀಯ, ಅವಳು ಹಾಗಿರಲು ಹೊರಟವಳಲ್ಲ. ನಾನು ಹಾಗೆ ಇರಿಸಿದೆ.

ಸೋಮವಾರ ಹೋಗು. ನನ್ನನ್ನು ಕ್ಷಮಿಸಿ ಹೋಗು ಎನ್ನುತ್ತಿಲ್ಲ. ಬೈದುಕೊಂಡೇ ಹೋಗು, ಅತ್ತುಕೊಂಡೇ ಹೋಗು. ಹೋಗು, ಅಷ್ಟೆ.