ನಿಮ್ಮ ವರದಿಯಲ್ಲಿ ಕಾಣೆಯಾದ ಎಂಟು ಮೆಟ್ಟಿಲು

ಅಂತರ್ಜಲ ವಿಭಾಗದ ಹಿರಿಯ ಅಧಿಕಾರಿಗಳೇ,

ಮಾನ್ಯರೇ ಎಂದು ಬರೆಯಲು ಮನಸ್ಸು ಬರಲಿಲ್ಲ, ಮನ್ನಿಸಬೇಕು. ನಮ್ಮ ಬೀದಿಯ ಬಾವಿಗಳ ಬಗ್ಗೆ ನೀವು ಸಹಿ ಹಾಕಿ ಕೊಟ್ಟ ವರದಿ ತಪ್ಪು. ಅಲ್ಪಸ್ವಲ್ಪ ತಪ್ಪಲ್ಲ, ತಲೆಕೆಳಗು ತಪ್ಪು. ಅದನ್ನು ನಂಬಿಕೊಂಡು ನನ್ನ ತಂಗಿ ನಡೆಸುವ ಶಿಶುವಿಹಾರದ ಮೂವತ್ತನಾಲ್ಕು ಮಕ್ಕಳು ಒಂದು ಬಾವಿಯ ನೀರು ಕುಡಿಯುತ್ತ ಬಂದಿದ್ದಾರೆ.

ಈ ಬಹಿರಂಗ ಪತ್ರ ಓದುವ, ವಿಷಯ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಬೀದಿಯ ಮೂಲೆಯಲ್ಲಿ ಪೆಟ್ರೋಲ್ ಬಂಕ್ ಇದೆ, ಅದರ ಟ್ಯಾಂಕು ನೆಲದೊಳಗಿದೆ. ಅದಕ್ಕೆ ಹತ್ತಿರದ ದರ್ಜಿಯ ಮನೆಯಲ್ಲಿ ಇಸ್ತ್ರಿಗೆ ಚಿಮುಕಿಸುವ ನೀರು ಪೆಟ್ರೋಲ್ ನಾರತೊಡಗಿತು. ಗಿರಾಕಿಗಳು ಮೂಗು ಮುಚ್ಚಿಕೊಂಡ ಮೇಲೆ ನಿಮ್ಮ ಕಚೇರಿಗೆ ಎಚ್ಚರವಾಯಿತು. ಟೇಪು ಹಿಡಿದು ಬಂದವರು ಮೂರು ಕಡೆ ನೀರಿನ ಆಳ ಅಳೆದರು. ಶಿಶುವಿಹಾರದ ಬಾವಿಯಲ್ಲಿ ಹದಿನಾರು ಅಡಿ, ಬಂಕಿನ ಪರೀಕ್ಷಾ ಕೊಳವೆಯಲ್ಲಿ ಹದಿನೆಂಟು, ದರ್ಜಿಯ ಬಾವಿಯಲ್ಲಿ ಇಪ್ಪತ್ತು. ಮಕ್ಕಳ ಬಾವಿಯ ನೀರೇ ಎಲ್ಲಕ್ಕಿಂತ ಮೇಲಿದೆ, ಅಲ್ಲಿಂದ ಬಂಕಿನ ಕಡೆ ಹರಿಯುತ್ತದೆ, ಆದ್ದರಿಂದ ಆ ಬಾವಿ ಸುರಕ್ಷಿತ, ನೀರಿನ ಪರೀಕ್ಷೆಯೂ ಅನಗತ್ಯ ಎಂದು ಷರಾ ಬರೆದಿರಿ. ಎಷ್ಟು ಸಲೀಸು!

ನಾನು ನಿಮ್ಮ ಕೋಣೆಗೆ ಬಂದಿದ್ದೆ. ನೆನಪಿರಲಿಕ್ಕಿಲ್ಲ, ನೀವು ತಲೆ ಎತ್ತಿರಲಿಲ್ಲ. ಎದುರಿನ ಎರಡು ಕುರ್ಚಿಗಳ ಮೇಲೂ ಕಡತಗಳು ಆರಾಮಾಗಿ ಕೂತಿದ್ದರಿಂದ ನಾನು ನಿಂತೇ ಮಾತಾಡಿದೆ.

“ಸಾರ್, ಮಕ್ಕಳ ಬಾವಿ ಇರೋದು ತಗ್ಗಲ್ಲಿ. ಅಲ್ಲಿಂದ ನೀರು ಮೇಲಕ್ಕೆ ಹೆಂಗೆ ಹೋಗುತ್ತೆ?”

“ಏನ್ರೀ ಕೆಲಸ ನಿಮ್ದು?”

“ಗಾರೆ ಕೆಲಸ ಸಾರ್.”

“ಹಂಗಾದ್ರೆ ಗೋಡೆ ಕಟ್ಕೊಂಡಿರಿ. ನೆಲದ ಇಳಿಜಾರೇ ಬೇರೆ, ಒಳಗಿನ ನೀರೇ ಬೇರೆ. ಮೊದ್ಲು ಅಂತರ್ಜಲದ ಮೂಲಪಾಠ ಕಲ್ತು ಬನ್ನಿ, ಆಮೇಲೆ ಮಾತಾಡೋಣ.”

ಕಲಿತೆ. ಕೆಲಸ ಮುಗಿಸಿ, ಕೈ ತೊಳೆದು, ಮೂರು ವಾರ ಸಾರ್ವಜನಿಕ ಗ್ರಂಥಾಲಯದ ಬೆಂಚು ಸವೆಸಿದೆ. “ಈ ವಯಸ್ಸಲ್ಲಿ ಪರೀಕ್ಷೆ ಕಟ್ಟಿದೀರಾ?” ಎಂದು ಗ್ರಂಥಪಾಲಕಿ ಕೇಳಿದರು. “ಹೌದಮ್ಮಾ, ಫೇಲಾಗಬೇಕಾದವರು ಬೇರೆಯವರು” ಎಂದೆ. ನೆಲದಡಿ ನದಿಗಳು ಭೋರ್ಗರೆಯುತ್ತವೆ ಎಂದು ಅಲ್ಲಿಯವರೆಗೆ ನಂಬಿದ್ದೆ. ಇಲ್ಲವಂತೆ. ನಾನು ದಿನಾ ಜರಡಿ ಹಿಡಿಯುವ ಮರಳಿನಂಥ ಕಣಗಳ ಸಂದುಗಳಲ್ಲಿ ನೀರು ತುಂಬಿಕೊಂಡು, ದಿನಕ್ಕೆ ಅರ್ಧ ಅಡಿಯೋ ಒಂದಡಿಯೋ ತೆವಳುತ್ತದಂತೆ. ಇದಕ್ಕಿಂತ ನಿಧಾನವಾಗಿ ಚಲಿಸುವುದು ಜಗತ್ತಿನಲ್ಲಿ ಏನಿದೆ ಎಂದು ಯೋಚಿಸಿದೆ. ಬಂಕಿನ ಬಗೆಗಿನ ನಿಮ್ಮ ಕಡತ ನೆನಪಾಯಿತು.

ನೆಲದ ಇಳಿಜಾರು ನೋಡಿ ಒಳಗಿನ ನೀರಿನ ದಿಕ್ಕು ಹೇಳಬಾರದು ಎಂಬ ನಿಮ್ಮ ಮಾತು ಸರಿ, ಒಪ್ಪಿದೆ. ಆದರೆ ಅದೇ ಅಧ್ಯಾಯದ ಮುಂದಿನ ಪುಟವನ್ನು ನೀವು ಓದಿದಂತಿಲ್ಲ. ಬಾವಿಯ ಬಾಯಿಂದ ಅಳೆದ ಆಳಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ. ಬಾಯಿಗಳು ಒಂದಕ್ಕೊಂದು ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಹಿಡಿದು, ಎಲ್ಲ ಅಳತೆಯನ್ನೂ ಒಂದೇ ಮಟ್ಟಕ್ಕೆ ತರಬೇಕು. ಹಾಗೆ ತಂದ ಮೇಲೆ ಎಲ್ಲಿ ನೀರು ಎತ್ತರವೋ ಅಲ್ಲಿಂದ ತಗ್ಗಿನ ಕಡೆ ಅದರ ಹಾದಿ. ಇದನ್ನು ಓದಿ ನನಗೆ ನಗು ಬಂತು. ಮೂವತ್ತು ವರ್ಷದಿಂದ ಪಾಯ ಹಾಕುವ ಮೊದಲು ನಾನು ಮಾಡುವ ಕೆಲಸ ಇದೇ ತಾನೆ? ಮಟ್ಟ ನೋಡುವ ಲೆವೆಲ್ ಪೈಪಿಗೆ ನೀರು ತುಂಬಿ ಒಂದು ಭಾನುವಾರ ಮೂರೂ ಕಡೆ ಹಿಡಿದೆ. ದರ್ಜಿಯ ಬಾವಿಯ ಕಟ್ಟೆ ಬಂಕಿನ ಕೊಳವೆಯ ಬಾಯಿಗಿಂತ ಒಂದಡಿ ಎತ್ತರ. ಶಿಶುವಿಹಾರದ್ದು ಐದಡಿ ತಗ್ಗು. ರಸ್ತೆಯಿಂದ ಆ ಅಂಗಳಕ್ಕೆ ಎಂಟು ಮೆಟ್ಟಿಲು ಇಳಿಯಬೇಕು, ಸ್ವಾಮಿ! ನಿಮ್ಮವರು ಟೇಪು ಹಿಡಿದು ಎಂಟನ್ನೂ ಇಳಿದರು, ವರದಿ ಬರೆಯುವಾಗ ಎಂಟನ್ನೂ ನುಂಗಿ ನೀರು ಕುಡಿದರು.

ಲೆಕ್ಕ ಸರಿಮಾಡಿ ನೋಡಿ. ಬಂಕಿನ ಮಟ್ಟದಿಂದ ಅಳೆದರೆ ಅಲ್ಲಿನ ನೀರು ಹದಿನೆಂಟಡಿ ಕೆಳಗೆ, ದರ್ಜಿಯದು ಹತ್ತೊಂಬತ್ತು, ಮಕ್ಕಳದು ಇಪ್ಪತ್ತೊಂದು. ನೀರು ಬಂಕಿನಿಂದ ಮಕ್ಕಳ ಕಡೆಗೇ ಬರುತ್ತಿದೆ. ಹತ್ತಿರದಲ್ಲಿದ್ದ ದರ್ಜಿಗೆ ಮೊದಲು ಮುಟ್ಟಿತು, ಅಷ್ಟೇ.

ಇದನ್ನು ಹಿಡಿದುಕೊಂಡು ತಂಗಿಯ ಹತ್ತಿರ ಓಡಿದೆ. ಅವಳು ನಿಮ್ಮ ವರದಿಗೆ ಚೌಕಟ್ಟು ಹಾಕಿಸಿ, ಪೋಷಕರಿಗೆ ಕಾಣಲೆಂದು ನೀರಿನ ಡ್ರಮ್ಮಿನ ಮೇಲೆ ತೂಗುಹಾಕಿದ್ದಳು.

“ಅಣ್ಣಾ, ಅಷ್ಟು ಓದಿದವ್ರು ಸೀಲು ಹಾಕಿ ಕೊಟ್ಟಿದಾರೆ. ನಿನ್ ಪೈಪ್ ನೋಡ್ಕೊಂಡು ನಾನು ಬಾವಿ ಮುಚ್ಚಲಾ?”

ಲೆಕ್ಕದ ಚೀಟಿ ಮಡಚಿಕೊಂಡು ಮನೆಗೆ ಬಂದೆ. ಒಡಹುಟ್ಟಿದ ಅಣ್ಣನಿಗಿಂತ ನಿಮ್ಮ ಮೊಹರನ್ನು ನಂಬಿದ್ದು ಅವಳ ತಪ್ಪೇ? ಅಂಥ ನಂಬಿಕೆಗೆ ತಕ್ಕ ಹಾಗೆ ನಡೆದುಕೊಳ್ಳಬೇಕಾದ್ದು ಯಾರು? ಅಳೆದ ಮೇಲೆ ಒಂದು ಸಲ, ಒಂದೇ ಒಂದು ಸಲ, ಹಿಂದಿರುಗಿ ನೋಡಿ ಹತ್ತಿ ಬಂದ ಮೆಟ್ಟಿಲು ಎಣಿಸಿದ್ದರೆ ನಿಮ್ಮ ಗಂಟು ಏನು ಹೋಗುತ್ತಿತ್ತು?

ನಿನ್ನೆ ಮಧ್ಯಾಹ್ನ ತಂಗಿಯ ಫೋನು ಬಂತು.

“ಅಣ್ಣಾ, ಮಕ್ಕಳು ನಾಕು ದಿನದಿಂದ ನೀರು ಬೇಡ ಅಂತಿದ್ರು. ಹಟ ಮಾಡ್ತಿದಾರೆ ಅಂತ ಗದರಿಸಿ ಗದರಿಸಿ ಕುಡಿಸ್ದೆ. ಇವತ್ತು ನಾನೇ ಒಂದು ಗುಟುಕು ಕುಡಿದೆ ಅಣ್ಣಾ…”

ಅವಳ ಮಾತು ಮುಗಿಯುವ ಮೊದಲೇ ಸುತ್ತಿಗೆ ಹಿಡಿದು ಹೊರಟೆ.

ಬಾವಿಗೆ ನಾವೇ ಹಲಗೆ ಹೊಡೆದಿದ್ದೇವೆ. ಆ ಕೆಲಸಕ್ಕೆ ನಿಮ್ಮ ಅಪ್ಪಣೆ ಕೇಳಲಿಲ್ಲ. ಇಂದೇ ಬಂಕಿನ ಟ್ಯಾಂಕು ಖಾಲಿ ಮಾಡಿಸಿ. ಮಕ್ಕಳನ್ನು ನಿಮ್ಮ ಖರ್ಚಿನಲ್ಲಿ ವೈದ್ಯರಿಗೆ ತೋರಿಸಿ. ವರದಿ ಹಿಂತೆಗೆದುಕೊಳ್ಳುತ್ತೇವೆ ಎಂದು ಬರೆದು ಜವಾನನ ಕೈಲಿ ಕಳಿಸಿ ಜಾರಿಕೊಳ್ಳಬೇಡಿ. ಆ ಮೂವತ್ತನಾಲ್ಕು ಮನೆಗಳ ಬಾಗಿಲು ನೀವೇ ತಟ್ಟಬೇಕು. ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬರುವ ತಾಯಿಯ ಮುಖ ನೋಡಿ, “ಶಿಶುವಿಹಾರದವಳದ್ದಲ್ಲ, ತಪ್ಪು ನನ್ನದು” ಎಂದು ನಿಮ್ಮ ಬಾಯಿಂದಲೇ ಹೇಳಬೇಕು. ನನ್ನ ತಂಗಿ ಇವತ್ತು ಬೆಳಗ್ಗೆಯಿಂದ ಒಬ್ಬಳೇ ಆ ಬಾಗಿಲುಗಳನ್ನು ತಟ್ಟುತ್ತಿದ್ದಾಳೆ.

ಇಂತಿ,
ಒಡಹುಟ್ಟಿದವಳಿಗೆ ಗಟ್ಟಿಸಿ ಹೇಳಲಾರದೆ ಸುಮ್ಮನೆ ಮನೆಗೆ ಬಂದ
ಒಬ್ಬ ಗಾರೆ ಕೆಲಸದವ