ಪೈಪಿನ ಮೇಲೆ ಕೈ

ಅಪ್ಪಾ,

ನೀನು ಇದನ್ನು ಓದುವುದಿಲ್ಲ. ಆದರೂ ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಶಶಿರೇಖಕ್ಕ ಐಸಿಯುನಲ್ಲಿದ್ದಾಳೆ.

ನೀನು ತೀರಿಹೋದ ಮೇಲೆ ಅವಳ ಹೃದಯದ ಎಡಭಾಗ ಸೋತು, ಎದೆಯೊಳಗೆ ಪಂಪು ಕೂರಿಸಿದರು. ಅದು ಬಡಿಯದೆ ಒಂದೇ ಸಮನೆ ಓಡುವುದರಿಂದ ಅಂದಿನಿಂದ ಅವಳ ಕೈಯಲ್ಲಿ ನಾಡಿ ಸಿಗುವುದಿಲ್ಲ. ಅದಕ್ಕೇ ದಿನಾ ಬೆಳಗ್ಗೆ ಎದೆಗೆ ಕಿವಿಯಿಟ್ಟು ಸದ್ದು ಕೇಳುತ್ತಿದ್ದೆ, ಚಾಂಪಿಯನ್ ರೀಫ್ಸ್ ಗಣಿಯ ಪಂಪ್‌ಹೌಸಿನಲ್ಲಿ ನೀನು ಕೇಳುತ್ತಿದ್ದ ಹಾಗೆ.

ಈ ವಾರ ಅವಳ ಕಾಲು ಊದಿ ಚಪ್ಪಲಿಯೊಳಗೆ ತೂರಲಿಲ್ಲ. ಹೊಟ್ಟೆಯೂ ಊದಿಕೊಂಡಿತ್ತು. "ಏನೋ ಸರಿ ಇಲ್ಲ ಕಣ್ಲಾ, ಆಸ್ಪತ್ರೆಗೆ ಓಗಾನ," ಅಂದಳು. ನಾನು ಕಿವಿಯಿಟ್ಟೆ. "ಪಂಪು ಚೆನ್ನಾಗೇ ಓಡ್ತೈತಲ್ಲಕ್ಕಾ, ಸುಮ್ನೆ ಎದರ್ಕೋಬೇಡ," ಅಂದೆ.

ಇವತ್ತು ಬೂದಿಕೋಟೆಯ ಮದುವೆಗೆ ಹೊರಟಿದ್ದೆವು. ಬಂಗಾರಪೇಟೆ ಬಸ್ಸಿನಲ್ಲೇ ಅವಳ ಸೊಂಟಕ್ಕೆ ಕಟ್ಟಿದ್ದ, ಪಂಪು ನಡೆಸುವ ಯಂತ್ರ ಕೂಗಿಕೊಂಡಿತು. ನನ್ನ ಹೆಗಲ ಮೇಲೆ ಕುಸಿದಳು.

ಡಾಕ್ಟರು ಗದರಲಿಲ್ಲ. "ಪಂಪಿಗೇನೂ ಆಗಿಲ್ಲ. ಅದಕ್ಕೆ ರಕ್ತ ತಲುಪಿಸಬೇಕಾದ ಹೃದಯದ ಬಲಭಾಗ ಸೋತಿದೆ. ರಕ್ತ ಹಿಂದೆಯೇ ನಿಂತು ಕಾಲು, ಹೊಟ್ಟೆ ಊದಿವೆ," ಎಂದರು.

ಅಪ್ಪಾ, ನೀನು ಸದ್ದು ಕೇಳಿ ಅಲ್ಲಿಗೇ ಬಿಡುತ್ತಿರಲಿಲ್ಲ. ಪೈಪಿನ ಮೇಲೆ ಅಂಗೈ ಇಡುತ್ತಿದ್ದೆ. "ನೀರಿಲ್ದಿದ್ರೂ ಪಂಪು ಓಡ್ತೈತೆ ಕಣ್ಲಾ. ನೀರು ಬರ್ತೈತಾ ನೋಡು," ಎಂದು ನನ್ನ ಕೈಯನ್ನೂ ಹಿಡಿದು ಇಡಿಸುತ್ತಿದ್ದೆ.

ಈಗಷ್ಟೇ ಒಳಗೆ ಬಿಟ್ಟಿದ್ದರು. ಬಲಭಾಗಕ್ಕೆ ಬಲ ಬರಲೆಂದು ಔಷಧಿ ಏರಿಸುತ್ತಿದ್ದಾರೆ. ಅದು ಹಿಡಿಯುತ್ತದೋ ಇಲ್ಲವೋ ಯಾರೂ ಹೇಳುತ್ತಿಲ್ಲ. ಅಕ್ಕ ಕಣ್ಣು ಬಿಟ್ಟು, "ಕೇಳ್ಲಾ, ಓಡ್ತೈತಾ?" ಅಂದಳು.

ನಾನು ಕಿವಿಯಿಡಲಿಲ್ಲ. ಅವಳ ಪಾದದ ಮೇಲೆ ಕೈಯಿಟ್ಟೆ. ರಕ್ತ ಬರುತ್ತಿದ್ದರೆ ಬೆಚ್ಚಗಿರಬೇಕಿತ್ತು. ತಣ್ಣಗಿತ್ತು.

"ಓಡ್ತೈತಕ್ಕಾ," ಅಂದೆ.